ಚೀಟಿಯಲ್ಲಿರುವ ಹೆಸರು ನಿಮ್ಮದೇನಾ?

ಅರಕಲಗೂಡು ತಾಲ್ಲೂಕಿನ ಒಂದು ಹಳ್ಳಿಯಿಂದ ಅಕ್ಕ ಒಬ್ಬರು ಫೋನ್ ಮಾಡಿದರು. "ಡಾಕ್ಟ್ರೇ, ನಮ್ಮ ಹಸು ಜಿಡ್ಡು ಇಳಿಸ್ಬಿಟ್ಟದೆ, ಒಂದ್ಸಲ ಬಂದು ನೋಡಿ" ಅಂದರು. ಜರ್ಸಿ ಮಿಶ್ರತಳಿ ಹಸು, ಮೂರನೇ ಸೂಲು. ಬಟವಾಡೆ ಪಟ್ಟಿಯಲ್ಲಿ ಯಾವಾಗಲೂ 4.4ರ ಆಸುಪಾಸಿನಲ್ಲಿರುತ್ತಿದ್ದ ಜಿಡ್ಡು ಆ ಸಲ 3.5 ಎಂದಿತ್ತು. ಲೀಟರೂ ಕಡಿಮೆ, ದುಡ್ಡೂ ಕಡಿಮೆ. ನಾನು ಹೋಗುವಷ್ಟರಲ್ಲಿ ಅವರು ಹಿಂಡಿ ಬದಲಿಸಿ, ಯಾರೋ ಹೇಳಿದರೆಂದು ಟಾನಿಕ್ ಬಾಟಲಿಯನ್ನೂ ತಂದಿದ್ದರು.

ಹಸುವಿಗೆ ಜ್ವರವಿರಲಿಲ್ಲ, ಮೆಲುಕು ಚೆನ್ನಾಗಿತ್ತು, ಕೆಚ್ಚಲು ಬಾವಿನ ಪರೀಕ್ಷೆಯಲ್ಲಿ ಏನೂ ಕಾಣಲಿಲ್ಲ. ರಾಗಿ ಹುಲ್ಲು ಹೊಟ್ಟೆ ತುಂಬ ಬೀಳುತ್ತಿತ್ತು. ಒಣಮೇವು ಕಡಿಮೆಯಾದರೆ, ಕೊನೆಯ ಹಾಲನ್ನು ಪೂರ್ತಿ ಹಿಂಡದೆ ಬಿಟ್ಟರೆ ಜಿಡ್ಡು ಇಳಿಯುತ್ತದೆ. ಇಲ್ಲಿ ಎರಡೂ ಇಲ್ಲ. ಕೊನೆಗೆ ಡೈರಿಯ ಚೀಟಿ ಕೇಳಿದೆ. "ಅದ್ಯಾರು ಇಟ್ಕೊಳ್ತಾರೆ?" ಅಂದರು. ಪುಣ್ಯಕ್ಕೆ ಮಗಳು ನಾಲ್ಕೈದನ್ನು ಕ್ಯಾಲೆಂಡರ್ ಹಿಂದೆ ಸಿಕ್ಕಿಸಿದ್ದಳು. ಚೀಟಿಯಲ್ಲಿ ಸದಸ್ಯರ ಸಂಖ್ಯೆ 47, ಅವರದೇ. ಜಿಡ್ಡು 4.4. ಹೆಸರು ಮಾತ್ರ ಮೂರು ಮನೆ ಆಚೆಯವರದು!

ಹಸುವಿಗೇನೂ ಆಗಿರಲಿಲ್ಲ. ಹದಿನೈದು ದಿನದ ಹಿಂದೆ ಸಿಡಿಲಿಗೆ ಸಂಘದ ಯಂತ್ರ ಸುಟ್ಟು ಹೊಸದು ಬಂದಿತ್ತು. ಅದಕ್ಕೆ ಸದಸ್ಯರ ಪಟ್ಟಿ ತುಂಬುವಾಗ, ಸಂಘ ಬಿಟ್ಟುಹೋಗಿದ್ದ 31ನೇ ಸದಸ್ಯರ ಸಾಲನ್ನು ಖಾಲಿ ಬಿಡದೆ ಹಾರಿಸಿಬಿಟ್ಟಿದ್ದರು. 32ನೆಯವರ ಹೆಸರು 31ಕ್ಕೆ ಬಂತು, 33ನೆಯವರದು 32ಕ್ಕೆ. ಹೀಗೆ ಕೊನೆಯವರೆಗೂ ಎಲ್ಲ ಹೆಸರು ಒಂದೊಂದು ಮೆಟ್ಟಿಲು ಜಾರಿತು. ಅಕ್ಕ "47" ಅಂದರೆ ಹಾಲು 48ನೆಯವರ ಹೆಸರಿಗೆ. ಅಕ್ಕನ ಹೆಸರು 46ರಲ್ಲಿ ಕೂತು, ಅಲ್ಲಿಯವರ ತೆಳು ಹಾಲಿನ ಲೆಕ್ಕ ಪಡೆಯುತ್ತಿತ್ತು.

ಇಂಥದ್ದು ಎಲ್ಲಿ ಬೇಕಾದರೂ ಆಗಬಹುದಾದ್ದರಿಂದ ಯಂತ್ರದೊಳಗೆ ಏನು ನಡೆಯುತ್ತದೆಂದು ಸ್ವಲ್ಪ ಹೇಳುತ್ತೇನೆ. ತಕ್ಕಡಿಯ ಮೇಲೆ ಕೆಂಪು ಅಂಕಿ ತೋರಿಸುವ ಪೆಟ್ಟಿಗೆಗೆ ಇಂಡಿಕೇಟರ್ ಎನ್ನುತ್ತಾರೆ. ಅದರ ಹಿಂದಿನಿಂದ ಒಂದು ಕೇಬಲ್ ಕಂಪ್ಯೂಟರಿಗೋ ಲೆಕ್ಕ ಇಡುವ ಪುಟ್ಟ ಯಂತ್ರಕ್ಕೋ ಹೋಗಿರುತ್ತದೆ. ಇದು ಸೀರಿಯಲ್ ಕೇಬಲ್. ಸಂಜೆ ಟಿವಿಯಲ್ಲಿ ನೋಡುವ ಸೀರಿಯಲ್ ಅಲ್ಲ! ಅಕ್ಷರಗಳು ಕ್ಯಾನ್ ಹಿಡಿದು ಸಾಲಿನಲ್ಲಿ ನಿಂತ ನಮ್ಮ ಹಾಗೆ ಒಂದರ ಹಿಂದೆ ಒಂದು ಹೋಗುತ್ತವೆ, ಅದಕ್ಕೆ ಆ ಹೆಸರು. "ತೂಕ ಹೇಳು", "ಸೊನ್ನೆಗೆ ತಾ" ಎಂಬಂಥ ಚುಟುಕು ಆಜ್ಞೆಗಳು ಈ ತಂತಿಯಲ್ಲಿ ಹೋಗುತ್ತವೆ, ಉತ್ತರ ಬರುತ್ತದೆ. ಹಾಲಿನ ಪರೀಕ್ಷಾ ಯಂತ್ರ ಜಿಡ್ಡು ಮತ್ತು ಎಸ್‌ಎನ್‌ಎಫ್ ಅಂಕಿಗಳನ್ನು ಕಳಿಸುವುದೂ ಹೆಚ್ಚಾಗಿ ಹೀಗೆಯೇ.

ಸದಸ್ಯರ ಸಂಖ್ಯೆ, ಹೆಸರು, ದರಪಟ್ಟಿ ಸಾಮಾನ್ಯವಾಗಿ ಲೆಕ್ಕ ಇಡುವ ಯಂತ್ರದಲ್ಲಿರುತ್ತವೆ. ಕಾರ್ಖಾನೆಗಳಲ್ಲಿ ಬಳಸುವ ದೊಡ್ಡ ಇಂಡಿಕೇಟರ್‌ಗಳಲ್ಲಿ ಪಟ್ಟಿಯನ್ನು ಇಂಡಿಕೇಟರ್ ಒಳಗೇ ಇಡುವುದೂ ಉಂಟು. ಅಂಥ ಪಟ್ಟಿಯನ್ನೂ ಕೇಬಲ್ ಮೂಲಕವೇ ನಿಭಾಯಿಸಬಹುದು: ಇಂಥ ಸಾಲು ತೋರಿಸು, ಹೊಸದು ಸೇರಿಸು, ತಿದ್ದು, ಅಳಿಸು, ಎಲ್ಲ ಅಳಿಸು. ಈ ಕೊನೆಯದೇ ಅಪಾಯದ್ದು. ಮೊಬೈಲಿನಲ್ಲಿ ಫೋಟೋ ಅಳಿಸುವಾಗ "ಖಚಿತವೇ?" ಎಂದು ಕೇಳುತ್ತದೆ. ತಂತಿಯಲ್ಲಿ ಬಂದ ಆಜ್ಞೆಗೆ ಇಂಡಿಕೇಟರ್ ಹಾಗೆ ಕೇಳುತ್ತಾ ಕೂರುವುದು ಕಡಿಮೆ. ಹೇಳಿದ್ದನ್ನು ಮಾಡಿ ಮುಗಿಸುತ್ತದೆ. ಅಳಿಸಿದ್ದು ತಾನಾಗಿ ವಾಪಸ್ಸು ಬರುವುದಿಲ್ಲ.

ಆದ್ದರಿಂದ ಯಂತ್ರ ಯಾವುದೇ ಇರಲಿ, ಪಟ್ಟಿಗೆ ಕೈ ಹಾಕುವ ಮೊದಲು ಇರುವುದನ್ನೆಲ್ಲ ಹೊರಗೆ ತೆಗೆದು ಪೆನ್‌ಡ್ರೈವ್‌ನಲ್ಲಿ ಒಂದು, ಕಾಗದದಲ್ಲಿ ಒಂದು ಪ್ರತಿ ಇಡಬೇಕು. ತುಂಬಿದ ಮೇಲೆ ಯಂತ್ರದಿಂದಲೇ ಪಟ್ಟಿಯನ್ನು ವಾಪಸ್ಸು ಓದಿಸಿ ಸದಸ್ಯತ್ವ ಪುಸ್ತಕದ ಪಕ್ಕ ಇಟ್ಟು ಸಾಲುಸಾಲಾಗಿ ನೋಡಬೇಕು. ಬಿಟ್ಟುಹೋದವರ ಸಂಖ್ಯೆಯನ್ನು ಖಾಲಿ ಇಡಬೇಕು, ಯಾರನ್ನೂ ಮೇಲಕ್ಕೆ ಸರಿಸಬಾರದು. ಇದು ಕಾರ್ಯದರ್ಶಿಗಳ ಕೆಲಸ, ಆದರೆ ಮಹಿಳಾ ಸಂಘಗಳಲ್ಲಿ ಆಡಳಿತ ಮಂಡಳಿಯಲ್ಲಿರುವವರೂ ನೀವೇ. ಹೊಸ ಯಂತ್ರ ಬಂದ ದಿನ "ಪಟ್ಟಿ ತಾಳೆ ನೋಡಿದ್ರಾ?" ಎಂದು ಕೇಳುವ ಹಕ್ಕು ನಿಮಗಿದೆ. ಹೆಸರು ಸೇರಿಸಲು ತಕ್ಕಡಿಯ ಸೀಲ್ ಒಡೆಯಬೇಕಾಗಿಲ್ಲ ಎಂಬುದೂ ಗೊತ್ತಿರಲಿ. ಅದು ತೂಕದ ಹೊಂದಾಣಿಕೆಗೆ ಕಾನೂನು ಮಾಪನಶಾಸ್ತ್ರ ಇಲಾಖೆ ಹಾಕುವ ಸೀಲ್.

ನಿಮ್ಮ ಪಾಲಿನ ಕೆಲಸ ಅರ್ಧ ನಿಮಿಷದ್ದು. ಹಾಲು ಸುರಿಯುವ ಮೊದಲು ಅಂಕಿ ಸೊನ್ನೆಯಲ್ಲಿದೆಯೇ ನೋಡಿ. ಚೀಟಿ ಕೈಗೆ ಬಂದ ಕೂಡಲೇ ಸಂಖ್ಯೆಯ ಜೊತೆ ಹೆಸರನ್ನೂ ಓದಿ. ಓದು ಬಾರದಿದ್ದರೆ ಹಿಂದೆ ನಿಂತವರ ಕೈಲಿ ಓದಿಸಿ, ನಾಚಿಕೆ ಬೇಡ. ಚೀಟಿಗಳನ್ನು ಬಟವಾಡೆ ಆಗುವವರೆಗೆ ಎಸೆಯಬೇಡಿ. ತಕ್ಕಡಿ 10 ಕೆ.ಜಿ. ತೋರಿಸಿ ಚೀಟಿಯಲ್ಲಿ 9.7 ಲೀಟರ್ ಎಂದಿದ್ದರೆ ಮೋಸವೆಂದು ಜಗಳಕ್ಕೆ ಹೋಗಬೇಡಿ. ಹಾಲು ನೀರಿಗಿಂತ ತುಸು ಭಾರ, ಒಂದು ಲೀಟರ್ ಸುಮಾರು 1.03 ಕೆ.ಜಿ. ತೂಗುತ್ತದೆ.

ಸಂಖ್ಯೆಯ ಹಿಂದಿರುವುದು ಹಾಲಿನ ದುಡ್ಡು ಮಾತ್ರವಲ್ಲ. ಸರ್ಕಾರದ ಪ್ರೋತ್ಸಾಹಧನ ಸಂಘದ ಲೆಕ್ಕದಲ್ಲಿರುವ ಲೀಟರ್ ನೋಡಿಕೊಂಡೇ ಖಾತೆಗೆ ಬರುತ್ತದೆ. ಸಂಘದ ಚುನಾವಣೆಯಲ್ಲಿ ಮತ ಹಾಕಲು ಬೈಲಾ ಕೇಳುವಷ್ಟು ಹಾಲು ಹಾಕಿದ್ದೀರೋ ಇಲ್ಲವೋ ಎಂಬುದಕ್ಕೂ ಅದೇ ಲೆಕ್ಕ. ಹಾಲು ಕರೆಯುವವರು ನೀವು, ಸಂಖ್ಯೆ ಯಜಮಾನರದ್ದು ಎಂಬ ಮನೆಗಳು ನಮ್ಮಲ್ಲಿ ಇನ್ನೂ ಬಹಳ. ಅಂಥ ಕಡೆ ಯಂತ್ರದಲ್ಲಿ ಹೆಸರು ಬದಲಿಸಿಬಿಟ್ಟರೆ ನೀವು ಸದಸ್ಯರಾಗುವುದಿಲ್ಲ. ಅರ್ಜಿ ಕೊಟ್ಟು, ಷೇರು ಪಡೆದು, ಆಡಳಿತ ಮಂಡಳಿ ಒಪ್ಪಿ, ಸದಸ್ಯತ್ವ ಪುಸ್ತಕದಲ್ಲಿ ಹೆಸರು ಏರಬೇಕು. ಯಂತ್ರದ ಪಟ್ಟಿ ಆ ಪುಸ್ತಕದ ನಕಲು ಅಷ್ಟೆ.

ಅರಕಲಗೂಡಿನ ಅಕ್ಕನ ಸಂಘದಲ್ಲಿ ಎರಡು ಬಟವಾಡೆಯ ಲೆಕ್ಕ ತಿದ್ದಿ ಹಣ ಹಿಂದಿರುಗಿಸಿದರು. ಹೆಚ್ಚು ಪಡೆದವರು ವಾಪಸ್ಸು ಕೊಡುವಾಗ ಒಂದಿಷ್ಟು ಮಾತು ಬಂತು, ಬರದೆ ಇರುತ್ತದೆಯೇ? ಟಾನಿಕ್‌ನ ದುಡ್ಡು ಮಾತ್ರ ಯಾರೂ ಕೊಡಲಿಲ್ಲ. ನಿಮ್ಮ ಹಸುವಿನ ಜಿಡ್ಡು ದಿಢೀರನೆ ಇಳಿದಿದೆ ಎಂದು ನಮ್ಮನ್ನು ಕರೆಯುವಾಗ ಹಿಂದಿನ ಹತ್ತು ದಿನದ ಚೀಟಿ ತೆಗೆದಿಟ್ಟಿರಿ. ನಾನಂತೂ ಈಗ ಥರ್ಮಾಮೀಟರ್‌ಗಿಂತ ಮೊದಲು ಅದನ್ನೇ ಕೇಳುತ್ತೇನೆ.