ಕೈಸೇರದ ಮದುವೆಯ ಚಿತ್ರಗಳು

ವಿವಾಹಕ್ಕೆ ಸಾಕ್ಷಿಯಾಗಿ ಇಗರ್ಜಿಯ ದಫ್ತರದಲ್ಲಿರುವ ಸಹಿಗಳೇ ಸಾಕು. ಆದರೆ ರೋಸ್ ದಿನ ಮೊಮ್ಮಗಳಿಗೆ ತೆಂಗಿನ ಹಾಲೆರೆದು ಹರಸಿದ ಅಜ್ಜಿಯ ಮುಖ ಆ ದಫ್ತರದಲ್ಲಿಲ್ಲ. ಮಂಗಳೂರಿನ ನಮ್ಮ ಬಂಧುಗಳೊಬ್ಬರ ಮನೆಯಲ್ಲಿ ಆ ಅಜ್ಜಿ ಮದುವೆಯಾದ ಮೂರೇ ತಿಂಗಳಿಗೆ ದೈವಾಧೀನರಾದರು. ಮುಕ್ಕಾಲು ಪಾಲು ಹಣ ಮುಂಗಡವಾಗಿ ಪಡೆದ ಛಾಯಾಗ್ರಾಹಕರದು ವರ್ಷವಾದರೂ ‘ಮುಂದಿನ ವಾರ’ ಎಂಬ ಒಂದೇ ಮಾತು. ಪರಿಚಯದವರೆಂಬ ದಾಕ್ಷಿಣ್ಯ ಬೇರೆ!

ಇಂತಹ ಸಂದರ್ಭದಲ್ಲಿ ಆಲ್ಬಮ್ಮಿಗಾಗಿ ಕಾಯುತ್ತ ಕೂರದೆ, ತಿದ್ದದ ಮೂಲ ಚಿತ್ರಗಳ ಪ್ರತಿಯನ್ನು ಮೊದಲು ಪಡೆಯಬೇಕು. ಹಿಂದೆ ನೆಗೆಟಿವ್ ಸುರುಳಿಯಾದರೂ ಉಳಿಯುತ್ತಿತ್ತು. ಈಗ ಮೆಮೊರಿ ಕಾರ್ಡು ಅಳಿಸಿದರೆ ಮುಗಿಯಿತು. ಪರಿಹಾರದ ಹಣ ಬಂದೀತು, ಅಜ್ಜಿಯ ಮುಖ ಬಾರದು. ಬಳಿಕ ಗಡುವು ಸೂಚಿಸಿ ಸ್ಪೀಡ್ ಪೋಸ್ಟಿನಲ್ಲಿ ನೋಟಿಸು ಕಳುಹಿಸಿ, ರಸೀದಿಗಳನ್ನು ಕಾಪಾಡಿಕೊಳ್ಳಬೇಕು.

ಅದಕ್ಕೂ ಉತ್ತರ ಬಾರದಿದ್ದರೆ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ತಾವು ವಾಸಿಸುವ ಜಿಲ್ಲೆಯ ಗ್ರಾಹಕರ ಆಯೋಗಕ್ಕೇ ದೂರು ಸಲ್ಲಿಸಬಹುದು. ಪಾವತಿಸಿದ ಮೊತ್ತ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ, ವಕೀಲರನ್ನು ನೇಮಿಸಲೇಬೇಕೆಂದಿಲ್ಲ. ಆದರೆ ದೂರಿಗೆ 2 ವರ್ಷಗಳ ಮಿತಿಯಿದೆ. ದಾಕ್ಷಿಣ್ಯದಲ್ಲಿ ಕಳೆದುಹೋಗುವುದು ಇದೇ ಕಾಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.

ನಮ್ಮ ಬಂಧುಗಳು ನೋಟಿಸು ಕಳುಹಿಸಿದ ಮೇಲೆ ರೋಸ್ ದಿನದ ಚಿತ್ರಗಳು ಕೈಸೇರಿವೆ. ಇಗರ್ಜಿಯಲ್ಲಿ ತೆಗೆದವು ಇನ್ನೂ ಬರಬೇಕಾಗಿದೆ.