ವಿಮಾನಗಳಿಗೂ ಉಂಟು ಔಟರ್ ಸಿಗ್ನಲ್!

ತೆಂಗಳಿ, ಸೇಡಂ, ಚಿತ್ತಾಪುರ ಕಡೆಯವರಿಗೆ ವಾಡಿ ಜಂಕ್ಷನ್ ಹೊಸದಲ್ಲ. ಸೊಲ್ಲಾಪುರ, ರಾಯಚೂರು, ಸಿಕಂದರಾಬಾದ್ ಕಡೆಯ ಹಳಿಗಳು ಇಲ್ಲಿ ಕೂಡುತ್ತವೆ. ಪ್ಲಾಟ್‌ಫಾರಂ ಖಾಲಿ ಇಲ್ಲದಿದ್ದರೆ ರೈಲು ಊರ ಹೊರಗೇ ನಿಲ್ಲಬೇಕು. ಪ್ರಯಾಣಿಕರು ಗೊಣಗುತ್ತಾರೆ. ಆದರೆ ಅವರ ಜೀವ ಕಾಯುವುದು ಆ ಕಾಯುವಿಕೆಯೇ.

ವಿಮಾನ ನಿಲ್ದಾಣದಲ್ಲೂ ಇದೇ ಪಾಠ. ವಿಮಾನ ಏರಿ ಇಳಿಯುವ ದಾರಿ ರನ್‌ವೇ. ಅಲ್ಲಿಗೆ ಹೋಗಿಬರುವ ದಾರಿ ಟ್ಯಾಕ್ಸಿವೇ. 1977ರ ಮಾರ್ಚ್ 27ರಂದು ಸ್ಪೇನಿಗೆ ಸೇರಿದ ಟೆನೆರಿಫ್ ದ್ವೀಪದಲ್ಲಿ ಟ್ಯಾಕ್ಸಿವೇ ತುಂಬ ವಿಮಾನಗಳು ನಿಂತಿದ್ದವು. ನೆರೆಯ ದ್ವೀಪದ ನಿಲ್ದಾಣದಲ್ಲಿ ಬಾಂಬ್ ಸಿಡಿದುದರಿಂದ ಅವನ್ನೆಲ್ಲ ಇಲ್ಲಿಗೆ ಕಳುಹಿಸಲಾಗಿತ್ತು. ದಾರಿಯಿಲ್ಲದೆ ಒಂದು ಜಂಬೋ ವಿಮಾನ ರನ್‌ವೇ ಮೇಲೆಯೇ ಸಾಗುತ್ತಿತ್ತು. ದಟ್ಟ ಮಂಜು. ಅನುಮತಿ ಸಿಗುವ ಮೊದಲೇ ಇನ್ನೊಂದು ಜಂಬೋ ಎದುರಿನಿಂದ ವೇಗವಾಗಿ ಬಂದು ಅಪ್ಪಳಿಸಿತು. ಸತ್ತವರು 583 ಮಂದಿ. ಇಷ್ಟೆಲ್ಲ ನಡೆದದ್ದು ರನ್‌ವೇಯಲ್ಲೇ!

ಹಾಗಾದರೆ ದಟ್ಟಣೆ ತಗ್ಗಿಸುವುದು ಹೇಗೆ? ಹೆಚ್ಚು ರನ್‌ವೇ ಒಂದು ದಾರಿ. 2008ರಲ್ಲಿ ಒಂದೇ ರನ್‌ವೇಯೊಂದಿಗೆ ಆರಂಭವಾದ ಬೆಂಗಳೂರಿನ ಕೆಂಪೇಗೌಡ ನಿಲ್ದಾಣಕ್ಕೆ 2019ರ ಡಿಸೆಂಬರಿನಲ್ಲಿ ಎರಡನೆಯದು ಬಂತು. ಇವೆರಡೂ ಸಮಾನಾಂತರ. ಮುಂಬೈಯ ಎರಡು ರನ್‌ವೇಗಳಾದರೋ ಒಂದನ್ನೊಂದು ಕತ್ತರಿಸುತ್ತವೆ. ಅಂಥವನ್ನು ಸಮಾನಾಂತರ ರನ್‌ವೇಗಳಂತೆ ಏಕಕಾಲಕ್ಕೆ ಬಳಸಲಾಗದು.

ಖಾಲಿ ಕಂಡ ರನ್‌ವೇ ಕೂಡ ಕೆಲವೊಮ್ಮೆ ಖಾಲಿಯಲ್ಲ. ದೊಡ್ಡ ವಿಮಾನ ಏರಿದಾಗ ಅದರ ರೆಕ್ಕೆಯ ತುದಿಗಳಿಂದ ಗಾಳಿಯ ಸುಳಿ ಏಳುತ್ತದೆ. ಹಿಂದಿನ ಚಿಕ್ಕ ವಿಮಾನ ಅದು ಅಡಗುವವರೆಗೆ ಒಂದೆರಡು ನಿಮಿಷ ಕಾಯಬೇಕು.

ಅದಕ್ಕೇ ಈಗಿನ ಜಾಣ ಉಪಾಯ, ವಿಮಾನವನ್ನು ಹೊರಟ ಜಾಗದಲ್ಲೇ ತಡೆಯುವುದು. ವಿಮಾನ ಕಂಪನಿ, ನಿಲ್ದಾಣದ ಸಿಬ್ಬಂದಿ, ನಿಯಂತ್ರಣ ಗೋಪುರ ಮೂವರೂ ಮಾಹಿತಿ ಹಂಚಿಕೊಂಡು ಪ್ರತಿ ವಿಮಾನಕ್ಕೂ ಎಂಜಿನ್ ಚಾಲೂ ಮಾಡುವ ವೇಳೆ ಗೊತ್ತುಪಡಿಸುತ್ತಾರೆ. ಸಾಲಿನಲ್ಲಿ ಎಂಜಿನ್ ಉರಿಸುತ್ತ ನಿಲ್ಲುವುದು ತಪ್ಪುತ್ತದೆ; ಇಂಧನ ಉಳಿಯುತ್ತದೆ, ಹೊಗೆ ತಗ್ಗುತ್ತದೆ. ತೊಡಕೂ ಇಲ್ಲದಿಲ್ಲ: ಹೊರಡದ ವಿಮಾನ ಜಾಗ ಬಿಡದಿದ್ದರೆ ಇಳಿದು ಬಂದದ್ದು ನಿಲ್ಲುವುದೆಲ್ಲಿ?

ಈ ಲೆಕ್ಕವನ್ನು ಕ್ಷಣಕ್ಷಣವೂ ಬಿಡಿಸುವವರು ವಾಯುಸಂಚಾರ ನಿಯಂತ್ರಕರು. ಭೌತಶಾಸ್ತ್ರ, ಗಣಿತ ಓದಿದ ಬಿಎಸ್ಸಿ ಪದವೀಧರರಿಗೂ ಈ ಹುದ್ದೆಯ ಬಾಗಿಲು ತೆರೆದಿದೆ. ಕಲಬುರಗಿಯಲ್ಲಿ 2019ರ ನವೆಂಬರಿನಲ್ಲಿ ವಿಮಾನ ನಿಲ್ದಾಣ ಆರಂಭವಾಯಿತು. ಅಲ್ಲಿ ವಿಮಾನ ನೋಡಿ ಬೆರಗಾದ ಮಕ್ಕಳು ಪೈಲಟ್ ಆಗುವ ಕನಸಷ್ಟೇ ಕಾಣಬೇಕಿಲ್ಲ; ‘ಸ್ವಲ್ಪ ತಾಳು’ ಎಂದು ಪೈಲಟ್‌ಗೇ ಹೇಳುವವರೂ ಆಗಬಹುದು.