ಸಂಸದರಾಗುವ ಮುನ್ನ ಇವರೇನಾಗಿದ್ದರು?

ಪ್ರಶ್ನೆ: ಕರ್ನಾಟಕದಿಂದ ದೆಹಲಿಗೆ ಹೋದವರೆಲ್ಲ ಹುಟ್ಟಾ ರಾಜಕಾರಣಿಗಳೇ? ಅವರಲ್ಲಿ ಮಂತ್ರಿಗಳಾದವರು ಯಾರು?

ಉತ್ತರ: ಎಲ್ಲರೂ ಅಲ್ಲ. ಲೋಕಸಭೆಗೆ ನಾವು 28 ಜನರನ್ನು ಆರಿಸುತ್ತೇವೆ. 2024ರಲ್ಲಿ ಗೆದ್ದವರ ಪೈಕಿ ಬೆಂಗಳೂರು ಗ್ರಾಮಾಂತರದ ಡಾ. ಸಿ.ಎನ್. ಮಂಜುನಾಥ್ ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕರಾಗಿದ್ದವರು. ದಕ್ಷಿಣ ಕನ್ನಡದ ಬ್ರಿಜೇಶ್ ಚೌಟ ಸೇನೆಯಲ್ಲಿ ಕ್ಯಾಪ್ಟನ್, ರಾಯಚೂರಿನ ಕುಮಾರ ನಾಯಕ ಐಎಎಸ್ ಅಧಿಕಾರಿ, ಮೈಸೂರಿನ ಯದುವೀರ್ ಒಡೆಯರ್ ಅರಮನೆಯವರು. ಬೊಮ್ಮಾಯಿ, ಶೆಟ್ಟರ್, ಕುಮಾರಸ್ವಾಮಿ ಮೂವರೂ ಮಾಜಿ ಮುಖ್ಯಮಂತ್ರಿಗಳು.

ಆದರೂ ನಿಮ್ಮ ಅನುಮಾನ ತಳ್ಳಿಹಾಕುವಂಥದ್ದಲ್ಲ. ಬೀದರಿನ ಸಾಗರ್ ಖಂಡ್ರೆ, ಚಿಕ್ಕೋಡಿಯ ಪ್ರಿಯಾಂಕಾ ಜಾರಕಿಹೊಳಿ ಇಬ್ಬರೂ ರಾಜ್ಯದ ಸಚಿವರ ಮಕ್ಕಳು. ದಾವಣಗೆರೆಯ ಡಾ. ಪ್ರಭಾ ದಂತವೈದ್ಯೆ ನಿಜ; ಗೆದ್ದಾಗ ಅವರ ಪತಿಯೂ ಸಚಿವರೇ. ಅಷ್ಟೇಕೆ, ಡಾ. ಮಂಜುನಾಥ್ ದೇವೇಗೌಡರ ಅಳಿಯ!

2024ರ ಜೂನ್‌ನಲ್ಲಿ ರಚನೆಯಾದ ಕೇಂದ್ರ ಸಂಪುಟದಲ್ಲಿ ಕುಮಾರಸ್ವಾಮಿಯವರಿಗೆ ಉಕ್ಕು ಮತ್ತು ಭಾರಿ ಕೈಗಾರಿಕೆ, ಪ್ರಲ್ಹಾದ ಜೋಶಿಯವರಿಗೆ ಆಹಾರ ಮತ್ತು ನವೀಕರಿಸಬಹುದಾದ ಇಂಧನ ಸಿಕ್ಕಿತು. ವಿ. ಸೋಮಣ್ಣ, ಶೋಭಾ ಕರಂದ್ಲಾಜೆ ರಾಜ್ಯ ಸಚಿವರಾದರು. ಸೋಮಣ್ಣನವರದು ರೈಲ್ವೆ ಮತ್ತು ಜಲಶಕ್ತಿ. ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಕೂಡ ನಮ್ಮ ಲೆಕ್ಕದವರೇ. ತಮಿಳುನಾಡಿನಲ್ಲಿ ಹುಟ್ಟಿದರೂ ಅವರು ರಾಜ್ಯಸಭೆಗೆ ಹೋಗಿರುವುದು ಕರ್ನಾಟಕದ 12 ಸ್ಥಾನಗಳಲ್ಲೊಂದರಿಂದ. ಅವರನ್ನು ಆರಿಸಿದ್ದು ನಮ್ಮ ಶಾಸಕರು.

ಇಲ್ಲೇ ಅನೇಕರು ಎಡವುತ್ತಾರೆ. ಸುಧಾ ಮೂರ್ತಿಯವರು ಅಪ್ಪಟ ಕನ್ನಡತಿಯಾದರೂ ಈ 12ರಲ್ಲಿ ಸೇರುವುದಿಲ್ಲ. ಅವರನ್ನು 2024ರಲ್ಲಿ ನಾಮನಿರ್ದೇಶನ ಮಾಡಿದವರು ರಾಷ್ಟ್ರಪತಿ.